ಮಡಿಯೂ ಇಸ್ತ್ರಿಯೂ

ಅರಸರ ವಂಶಾವಳಿಗಳನ್ನೂ ಯುದ್ಧಗಳ ಕಾಲವನ್ನೂ ಕವಿಗಳ ಮತವಿಚಾರವನ್ನೂ ನಿರ್ಣಯಿಸುವುದರಲ್ಲಿ ನಮ್ಮ ವಿದ್ವಾಂಸರು ಪಟ್ಟಿರುವ ಶ್ರಮವು ದೊಡ್ಡದು. ಆದರೆ ಮನುಷ್ಯನು ದಿನವೂ ಮುಟ್ಟುವ ಪದಾರ್ಥಗಳಿಗೂ ಒಂದು ಚರಿತ್ರೆಯುಂಟು. ಅದು ಶಿಲಾಶಾಸನಗಳಲ್ಲಿ ವಿಸ್ತಾರವಾಗಿ ದೊರೆಯತಕ್ಕದ್ದಲ್ಲ. ಮಾತಿನಲ್ಲಿಯೂ ಆಚಾರದಲ್ಲಿಯೂ ಹಳಬರ ನೆನಪಿನಲ್ಲಿಯೂ ಚದರಿಕೊಂಡಿರುವುದು. ಒಗೆದ ಬಟ್ಟೆಯ ಸುಕ್ಕನ್ನು ಬಿಡಿಸಿ ಮಡಿಸುವ ಕೆಲಸವು ಅಂತಹ ಒಂದು ಸಣ್ಣ ವಿಷಯ. ಇದನ್ನು ಕುರಿತು ವಿಚಾರಮಾಡಹೊರಟಾಗ ನನಗೆ ಮೊದಲು ಎದುರಾದದ್ದು ಎರಡು ಶಬ್ದಗಳು: ಮಡಿ, ಇಸ್ತ್ರಿ. ಒಂದು ನಮ್ಮ ಅಚ್ಚಗನ್ನಡದ್ದು. ಇನ್ನೊಂದು ಹೊರಗಿನಿಂದ ಬಂದದ್ದು. ಈ ಎರಡು ಶಬ್ದಗಳ ನಡುವೆ ಕನ್ನಡಿಗರ ಸಾಮಾಜಿಕ ಚರಿತ್ರೆಯ ಒಂದು ದೊಡ್ಡ ಭಾಗವೇ ಅಡಗಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

೧. ಪ್ರಾಚೀನರ ಕಟ್ಟಳೆ

ಬಟ್ಟೆಯನ್ನು ಶುಚಿಮಾಡುವವರ ವಿಷಯದಲ್ಲಿ ವಿವರವಾದ ಕಟ್ಟಳೆಗಳುಳ್ಳ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಮುಖ್ಯವಾದುದು. ಈ ಗ್ರಂಥವನ್ನು ಲೋಕಕ್ಕೆ ಮರಳಿ ದೊರಕಿಸಿದ ಕೀರ್ತಿಯು ಮೈಸೂರಿಗೆ ಸೇರಿದ್ದೆಂಬುದನ್ನು ವಾಚಕರು ಬಲ್ಲರು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ ರಜಕರ ಪ್ರಸ್ತಾಪವಿದೆ. ಮರದ ಹಲಗೆಯ ಮೇಲಾಗಲಿ ನುಣುಪಾದ ಕಲ್ಲಿನ ಮೇಲಾಗಲಿ ಬಟ್ಟೆಯನ್ನು ಒಗೆಯತಕ್ಕದ್ದು. ಬೇರೆ ಕಡೆ ಒಗೆದು ಕೆಡಿಸಿದವನು ನಷ್ಟವನ್ನು ತುಂಬಿಕೊಡುವುದಲ್ಲದೆ 6 ಪಣ ದಂಡವನ್ನೂ ತೆರಬೇಕು. ರಜಕನು ತಾನು ಉಡುವ ಬಟ್ಟೆಗೆ ಕೊಡತಿಯ ಗುರುತನ್ನು ಹಾಕಿಕೊಂಡಿರಬೇಕು. ಆ ಗುರುತಿಲ್ಲದ ಬಟ್ಟೆಯನ್ನು ಉಟ್ಟರೆ 3 ಪಣ ದಂಡ. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆಯಿಟ್ಟರೆ 12 ಪಣ.

ಇಷ್ಟೇ ಅಲ್ಲ. ಬಿಳುಪಿನಲ್ಲಿಯೂ ತರತಮವನ್ನು ಆ ಗ್ರಂಥಕಾರನು ಹೇಳುತ್ತಾನೆ. ಮೊಗ್ಗಿನಂತೆ ಬೆಳ್ಳಗಿರುವುದು, ಕಲ್ಲಿನ ಮೇಲೆ ಶುದ್ಧವಾದದ್ದು, ತೊಳೆದ ನೂಲಿನ ಬಣ್ಣದ್ದು, ಉಜ್ಜಿ ಬಿಳುಪುಗೊಳಿಸಿದ್ದು ಎಂದು ನಾಲ್ಕು ಬಗೆ. ಒಂದೊಂದಕ್ಕೂ ಒಂದೊಂದು ಇರುಳು ಹೆಚ್ಚಿನ ಅವಧಿ. ತೆಳುಬಣ್ಣದ ಬಟ್ಟೆಗೆ ಐದು ಇರುಳು, ನೀಲಿಗೆ ಆರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಇದೇ ಜಾತಿಯ ಮಾತುಂಟು: ನುಣುಪಾದ ಬೂರುಗದ ಹಲಗೆಯ ಮೇಲೆ ಮೆಲ್ಲಗೆ ಒಗೆಯಬೇಕು; ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರೊಡನೆ ಬೆರಸಬಾರದು; ಇತರರಿಗೆ ಉಡಲು ಕೊಡಬಾರದು.

ಈ ಕಟ್ಟಳೆಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಇಲ್ಲೆಲ್ಲ ನೀರು, ಕಲ್ಲು, ಹಲಗೆ, ಕೊಡತಿ, ಕಾಲ ಇವುಗಳ ಮಾತಿದೆಯೇ ಹೊರತು ಬೆಂಕಿಯ ಮಾತಿಲ್ಲ. ಬಟ್ಟೆಯ ಅಂದವು ಬಿಳುಪಿನಲ್ಲಿತ್ತು; ನೆಟ್ಟಗಿರುವಿಕೆಯಲ್ಲಿ ಇರಲಿಲ್ಲ. ಎರಡನೆಯದು, ಶಾಸ್ತ್ರಕಾರನಿಗೆ ರಜಕನ ಕೈಯ ವಿದ್ಯೆಗಿಂತ ಅವನ ಮೈಮೇಲಿನ ಬಟ್ಟೆಯ ಚಿಂತೆಯೇ ಹೆಚ್ಚು. ಊರಿನ ಬಟ್ಟೆಯೆಲ್ಲವೂ ಯಾವನ ಮನೆಯಲ್ಲಿ ಒಂದು ಇರುಳಾದರೂ ಇರುವುದೋ ಅವನು ಅದನ್ನು ಉಟ್ಟಾನೆಂಬ ಭಯವು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅರ್ಥಶಾಸ್ತ್ರದ ಕೊಡತಿಯ ಗುರುತು ರಜಕನ ಬಟ್ಟೆಗೆ. ನಮ್ಮ ಕಾಲದ ಅಗಸರು ಗೇರುಕಾಯಿಯ ರಸದಿಂದ ಹಾಕುತ್ತಿದ್ದ ಕಪ್ಪು ಗುರುತಾದರೋ ಒಕ್ಕಲಿನ ಬಟ್ಟೆಗೆ. ಸುಣ್ಣ ಬೆರಸಿದ ಆ ರಸದ ಗುರುತು ಎಷ್ಟು ಒಗೆದರೂ ಹೋಗದು. ಇಂಗ್ಲಿಷರು ಆ ಕಾಯಿಗೆ 'ಗುರುತಿನ ಕಾಯಿ' ಎಂಬರ್ಥದ ಹೆಸರನ್ನೇ ಕೊಟ್ಟರು. ಓದುಬರಹ ಬಾರದ ಹೆಂಗಸೊಬ್ಬಳು ಚುಕ್ಕೆ ಗೆರೆಗಳ ಆ ಲಿಪಿಯನ್ನು ನೋಡಿ ನೂರು ಮನೆಯ ಬಟ್ಟೆಗಳನ್ನು ಒಂದೂ ತಪ್ಪದಂತೆ ಬೇರ್ಪಡಿಸುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ.

೨. ಮಡಿ ಎಂಬ ಶಬ್ದ

ಹಳಗನ್ನಡದಲ್ಲಿ ಈ ವೃತ್ತಿಯವನನ್ನು ಅಸಗನೆನ್ನುವರು, ವರ್ಣವ್ಯತ್ಯಯದಿಂದ ಅಗಸನೆಂದಾಯಿತು. ಒಂಬತ್ತನೆಯ ಶತಮಾನದಲ್ಲಿದ್ದ ಅಸಗನೆಂಬ ಕವಿಯ ಹೆಸರಿಗೂ ಈ ವೃತ್ತಿಗೂ ಧ್ವನಿಸಾಮ್ಯವೊಂದರಿಂದಲೇ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಅಗಸನೆಂಬುದಕ್ಕಿಂತ ಗೌರವದ ಹೆಸರು ಮಡಿವಾಳ. ಮಡಿಯನ್ನು ಉಂಟುಮಾಡುವವನು ಮಡಿವಾಳ. ಆದರೆ ಮಡಿಯೆಂದರೇನು?

ಕನ್ನಡದಲ್ಲಿ ಈ ಎರಡಕ್ಷರದ ಮಾತಿಗೆ ಅನೇಕ ಅರ್ಥಗಳುಂಟು. ಬಟ್ಟೆಯ ಮಡಿಕೆಯು ಮಡಿ, ಇಮ್ಮಡಿ, ನೂರ್ಮಡಿ ಎಂಬಲ್ಲಿ ಪಟ್ಟು ಎಂಬರ್ಥದಲ್ಲಿ ಮಡಿ, ತೋಟದ ಪಾತಿಯು ಮಡಿ, ಒಗೆದ ಬಟ್ಟೆಯು ಮಡಿ, ಆಚಾರಶುದ್ಧಿಯು ಮಡಿ. ಇವೆಲ್ಲಕ್ಕೂ ಧಾತುವು ಒಂದೇ ಎಂದು ಧ್ವನಿಯನ್ನು ಮಾತ್ರ ನೆಚ್ಚಿ ಹೇಳಲಾಗದು. ಆದರೆ ಬಳಕೆಯಲ್ಲಿ ಒಗೆದ ಬಟ್ಟೆ, ಮಡಿಸಿದ ಬಟ್ಟೆ, ಶುದ್ಧವಾದ ಬಟ್ಟೆ ಎಂಬ ಮೂರು ಭಾವಗಳೂ ಒಂದೇ ಮಾತಿನಲ್ಲಿ ಬಂದು ಕೂಡಿಕೊಂಡಿವೆಯೆಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಒಂದು ವಿರೋಧವು ಕಾಣಬರುತ್ತದೆ. ಆಚಾರವಂತರ ಮನೆಗಳಲ್ಲಿ ಪೂಜೆಗೂ ಅಡಿಗೆಗೂ ಉಡತಕ್ಕ ಮಡಿಬಟ್ಟೆಯು ಮಡಿವಾಳನು ತಂದ ಬಟ್ಟೆಯಲ್ಲ. ಮನೆಯವರೇ ನೀರಿನಲ್ಲಿ ಅದ್ದಿ ಹಿಂಡಿ, ಎತ್ತರದಲ್ಲಿ ಕಟ್ಟಿದ ಗಳುವಿನ ಮೇಲೆ ಕೋಲಿನಿಂದ ಹರವಿ, ಯಾರೂ ಮುಟ್ಟದಂತೆ ಒಣಗಿಸಿದ ಬಟ್ಟೆಯೇ ಮಡಿ. ಅದು ಸುಕ್ಕುಗಟ್ಟಿದ್ದರೆ ದೋಷವಿಲ್ಲ. ಅಗಸನ ಮನೆಯಿಂದ ಬೆಳ್ಳಗೆ ನೆಟ್ಟಗೆ ಬಂದ ಧೋತ್ರವು ಕಚೇರಿಗೆ ಯೋಗ್ಯವೇ ಹೊರತು ದೇವರ ಮನೆಗೆ ಯೋಗ್ಯವಲ್ಲ. ಹೀಗೆ ಮಡಿಯೆಂಬ ಮಾತನ್ನು ತನ್ನ ಹೆಸರಿನಲ್ಲಿ ಹೊತ್ತವನ ಕೆಲಸಕ್ಕೆ ಮಡಿಯ ಪಂಕ್ತಿಯಲ್ಲಿ ಎಡೆಯಿಲ್ಲದೆ ಹೋಯಿತು.

ಆದರೆ ಇದೇ ನಾಡಿನಲ್ಲಿ ಇದಕ್ಕೆ ನೇರವಾಗಿ ಎದುರಾದ ಆಚಾರವೂ ಉಂಟು. ಮದುವೆಯ ಚಪ್ಪರಕ್ಕೆ ಮೇಲ್ಕಟ್ಟನ್ನು ಕಟ್ಟುವವನು ಮಡಿವಾಳ. ದೇವರ ಉತ್ಸವವು ಬರುವಾಗ ದಾರಿಯಲ್ಲಿ ನಡೆಮಡಿಯನ್ನು ಹಾಸುವವನು ಮಡಿವಾಳ. ತುಳುನಾಡಿನಲ್ಲಿ ಹೆರಿಗೆಯ ಮೈಲಿಗೆಯು ಕಳೆಯುವಾಗ ಮಡಿವಾಳಗಿತ್ತಿ ತಂದ ಬಟ್ಟೆಯೇ ಬೇಕು. ಮನೆಯೊಳಗೆ ಯಾವ ಕೈಯ ಬಟ್ಟೆ ಸಲ್ಲದೋ ಆ ಕೈಯ ಬಟ್ಟೆಯ ಮೇಲೆಯೇ ದೇವರು ನಡೆದುಬರಬೇಕು! ಮಡಿ ಮೈಲಿಗೆಗಳ ವಿಚಾರವನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ವಿವರಿಸಿದ ಎಂ. ಎನ್. ಶ್ರೀನಿವಾಸರ ಕೊಡವರನ್ನು ಕುರಿತ ಗ್ರಂಥವು 1952ರಲ್ಲಿ ಹೊರಬಂದಿತು. ಅಲ್ಲಿಂದೀಚೆಗೆ ಈ ಮಾತು ವಿದ್ವಾಂಸರ ಪರಿಭಾಷೆಯಲ್ಲಿ ಸೇರಿದೆ. ಆದರೂ ಮಡಿಯು ಎರಡು ಬಗೆಯದೆಂಬುದನ್ನು ಮರೆಯಬಾರದು: ಮುಟ್ಟದೆ ಕಾಪಾಡಿದ ಮಡಿ ಒಂದು, ಕೊಳೆಯನ್ನು ಮುಟ್ಟಿ ಕಳೆದ ಮಡಿ ಇನ್ನೊಂದು.

ಈ ಎರಡನೆಯ ಮಡಿಗೆ ನಮ್ಮ ಚರಿತ್ರೆಯಲ್ಲಿ ಒಬ್ಬ ಮಹಾಪುರುಷನಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಇದ್ದ ಮಡಿವಾಳ ಮಾಚಯ್ಯನ ಊರು ದೇವರ ಹಿಪ್ಪರಗಿ; ಅವನ ವಚನಗಳ ಅಂಕಿತ 'ಕಲಿದೇವರದೇವ'. ಶರಣರ ಬಟ್ಟೆಯನ್ನು ಮಾತ್ರ ಒಗೆಯುವುದು ಅವನ ವ್ರತ. ಒಗೆದ ಗಂಟನ್ನು ಹೊತ್ತು ಬರುವಾಗ ಭವಿಗಳು ಅದನ್ನು ಮುಟ್ಟದಂತೆ ಅವನು ಕಾಯುತ್ತಿದ್ದನೆಂದು ಪುರಾಣಗಳು ಹೇಳುತ್ತವೆ. ಕತೆಯ ಪವಾಡಭಾಗವನ್ನು ಬಿಟ್ಟು ನೋಡಿದರೂ ಇದರಲ್ಲಿ ಒಂದು ದೊಡ್ಡ ಮಾತಿದೆ. ಮುಟ್ಟಬಾರದೆಂಬ ಕಟ್ಟಳೆಯನ್ನು ಇಲ್ಲಿ ವಿಧಿಸಿದವನು ರಜಕನೇ. ತನ್ನ ಕೈಯಿಂದ ಆದ ಶುದ್ಧಿಯು ಅರಸನ ಶುದ್ಧಿಗಿಂತ ಕಡಿಮೆಯದಲ್ಲವೆಂದು ಅವನು ಸಾರಿದಂತಾಯಿತು. ಯಾರ ಬಟ್ಟೆಯನ್ನು ಒಗೆಯಬೇಕು, ಯಾರದನ್ನು ಒಗೆಯಬಾರದು ಎಂಬ ನಿರ್ಣಯವು ಮಾಚಯ್ಯನದಾಗಿತ್ತು. ಈ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ. ಮುಂದೆ ಇದರ ಪ್ರಯೋಜನವುಂಟು.

೩. ಬೆಂಕಿಯು ಬಟ್ಟೆಗೆ ಬಂದ ಬಗೆ

ಮಾಚಯ್ಯನ ಶತಮಾನದಲ್ಲಿಯೇ ದೂರದ ಚೀನ ದೇಶದಲ್ಲಿ ಕೆಂಡದಿಂದ ಬಟ್ಟೆಯನ್ನು ನೇರ್ಪಡಿಸುತ್ತಿದ್ದರೆಂಬುದಕ್ಕೆ ಒಂದು ಚಿತ್ರವೇ ಸಾಕ್ಷಿ. ಹ್ವೀತ್ಸುಂಗ್ ಚಕ್ರವರ್ತಿಯ ಹೆಸರಿನೊಡನೆ ಸಂಬಂಧಪಟ್ಟ, ಹನ್ನೆರಡನೆಯ ಶತಮಾನದ ಮೊದಲ ಭಾಗದ ಆ ರೇಷ್ಮೆಯ ಚಿತ್ರಪಟವು ಈಗ ಬಾಸ್ಟನ್ ನಗರದ ಲಲಿತಕಲೆಗಳ ಸಂಗ್ರಹಾಲಯದಲ್ಲಿದೆ. ಅಂತಃಪುರದ ಸ್ತ್ರೀಯರು ಹೊಸ ರೇಷ್ಮೆಯ ಪಟ್ಟಿಯನ್ನು ಎರಡು ಕಡೆಯಿಂದ ಎಳೆದು ಹಿಡಿದಿದ್ದಾರೆ. ಒಬ್ಬಳು ಹಿಡಿಯುಳ್ಳ ಕೆಂಡದ ಬಾಣಲೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ಚಿಕ್ಕ ಹುಡುಗಿಯೊಬ್ಬಳು ಬಟ್ಟೆಯ ಕೆಳಗೆ ನುಸುಳಿ ಮೇಲೆ ನೋಡುತ್ತಿದ್ದಾಳೆ. ಬಟ್ಟೆಯನ್ನು ಹದಮಾಡುವ ಕಡೆ ಮಕ್ಕಳಿಗೆ ಇರುವ ಕುತೂಹಲವು ಎಲ್ಲ ದೇಶಗಳಲ್ಲಿಯೂ ಒಂದೇ. ಯೂರೋಪಿನ ಉತ್ತರ ತೀರದವರ ಹಳೆಯ ಸಮಾಧಿಗಳಲ್ಲಿ ನಾರುಬಟ್ಟೆಯನ್ನು ತಿಕ್ಕುವ ಗಾಜಿನ ಗುಂಡುಗಳು ದೊರೆತಿವೆ. ಅವಕ್ಕೆ ಬೆಂಕಿ ಬೇಕಿಲ್ಲ. ನಮ್ಮ ಉತ್ತರದೇಶದಲ್ಲಿ ಕುಂದಿಗಾರರು ಮಡಿಸಿದ ಬಟ್ಟೆಯನ್ನು ಮರದ ಕೊಡತಿಯಿಂದ ಬಡಿದು ಹೊಳಪು ಬರಿಸುತ್ತಿದ್ದರು. ಅದಕ್ಕೂ ಬೆಂಕಿ ಬೇಕಿಲ್ಲ.

ಕನ್ನಡ ನಾಡಿನ ಹಳೆಯ ಉಡುಪಿಗೆ ಬೆಂಕಿಯ ಅವಶ್ಯಕತೆಯು ಕಡಿಮೆಯಾಗಿತ್ತೆಂದು ನನಗೆ ತೋರುತ್ತದೆ. ಸೀರೆ, ಧೋತ್ರ, ಉತ್ತರೀಯ, ರುಮಾಲು ಇವು ಹೊಲಿಗೆಯಿಲ್ಲದ ಬಟ್ಟೆಗಳು. ಇವುಗಳ ಅಂದವು ನಿರಿಗೆಯಲ್ಲಿದೆ. ನಿಱಿ ಎಂಬುದು ಹಳಗನ್ನಡದ ಮಾತು. ಗಂಜಿ ಹಾಕಿದ ಉತ್ತರೀಯವನ್ನು ಬೆರಳಿನಿಂದ ಮಡಿಸಿ, ಉಗುರಿನಿಂದ ಒತ್ತಿ, ಒಂದು ರಾತ್ರಿ ಪೆಟ್ಟಿಗೆಯ ಕೆಳಗಾಗಲಿ ಹಾಸಿಗೆಯ ಕೆಳಗಾಗಲಿ ಇಟ್ಟರೆ ಬೆಳಗಿಗೆ ಅದರ ನಿರಿಗೆಗಳು ನಿಲ್ಲುವುವು. ಸುಕ್ಕನ್ನು ಅಳಿಸುವುದರ ಬದಲು ಸುಕ್ಕನ್ನೇ ಕ್ರಮಪಡಿಸುವ ವಿದ್ಯೆಯಿದು. ಇದಕ್ಕೆ ಬೇಕಾದ ಗಂಜಿಯು ಅಡಿಗೆಯ ಮನೆಯಿಂದಲೇ ದೊರೆಯುತ್ತಿತ್ತು. ದಕ್ಷಿಣದೇಶದ ಈ ಮಾತು ಇಂಗ್ಲಿಷರ ಬಾಯಲ್ಲಿ ರೂಪಾಂತರ ಹೊಂದಿ 1886ರ ಹಾಬ್ಸನ್-ಜಾಬ್ಸನ್ ಕೋಶವನ್ನು ಸೇರಿತು. ಹಿಂದೂದೇಶದ ಅಗಸರು ಬಟ್ಟೆಗೆ ಹಾಕುವುದು ಇದನ್ನೇ ಎಂದು ಆ ಕೋಶಕಾರರೂ ಬರೆದಿದ್ದಾರೆ.

ಹೊಲಿದ ಬಟ್ಟೆಯ ಗತಿ ಬೇರೆ. ತೋಳು, ಕೊರಳಪಟ್ಟಿ, ಜೇಬು, ಗುಂಡಿಪಟ್ಟಿ ಇವನ್ನು ಪೆಟ್ಟಿಗೆಯ ಕೆಳಗಿಟ್ಟು ನೇರ್ಪಡಿಸಲಾಗದು. ಬೆಂಗಳೂರಿನಲ್ಲಿ 1809ರಲ್ಲಿ ದಂಡುಪ್ರದೇಶವು ಸ್ಥಾಪಿತವಾಯಿತು. ಸಿಪಾಯಿಯ ಸಮವಸ್ತ್ರ, ಅಧಿಕಾರಿಯ ಬಿಳಿಯ ಅಂಗಿ, ಆಮೇಲೆ ಕಚೇರಿಯ ಗುಮಾಸ್ತೆಯ ಮುಚ್ಚುಗೋಟು, ವಕೀಲರ ಕರಿಯ ಕೋಟು, ಉಪಾಧ್ಯಾಯರ ಕೋಟು ಇವೆಲ್ಲವೂ ಕಾಯಿಸಿದ ಲೋಹವನ್ನು ಬೇಡಿದವು. ಕಚ್ಚೆಪಂಚೆಯ ಮೇಲೆ ಕೋಟನ್ನು ತೊಟ್ಟು ಜರಿಪೇಟವನ್ನು ಧರಿಸಿದ ಹಳೆಯ ಮೈಸೂರಿನ ಗೃಹಸ್ಥನ ಉಡುಪಿನಲ್ಲಿ ಎರಡು ಯುಗಗಳೂ ಒಟ್ಟಿಗೆ ಇದ್ದವು: ಸೊಂಟದ ಕೆಳಗೆ ನಿರಿಗೆ, ಮೇಲೆ ಇಸ್ತ್ರಿ.

೪. ಇಸ್ತ್ರಿ ಎಂಬ ಶಬ್ದ

ಈ ಮಾತಿನ ಮೂಲವನ್ನು ಪೋರ್ಚುಗೀಸಿನ 'ಎಸ್ತಿರಾರ್' ಎಂಬ ಕ್ರಿಯಾಪದಕ್ಕೆ ಒಯ್ಯುವುದು ವಾಡಿಕೆ. ಅದಕ್ಕೆ ಎಳೆದು ಹಿಗ್ಗಿಸುವುದು ಎಂದು ಅರ್ಥ. 1510ರಲ್ಲಿ ಗೋವೆಯು ಬಿಜಾಪುರದವರ ಕೈತಪ್ಪಿ ಪೋರ್ಚುಗೀಸರ ವಶವಾದ ಮೇಲೆ ಅವರ ಮಾತುಗಳು ಕರಾವಳಿಯಿಂದ ಒಳನಾಡಿಗೆ ಹರಿದುಬಂದವು. ಏಷ್ಯದ ಭಾಷೆಗಳಲ್ಲಿ ಸೇರಿಹೋದ ಇಂತಹ ಶಬ್ದಗಳನ್ನು ಗೋವೆಯ ವಿದ್ವಾಂಸರಾದ ಸೆಬಾಸ್ತಿಯಾಂವ್ ರೊದೋಲ್ಫೊ ದಾಲ್ಗಾದೊ ಅವರು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಮೇಜು, ಅಲಮಾರು, ಚಾವಿ, ಪಗಾರ, ಪಾದ್ರಿ, ಬಟಾಟೆ ಮುಂತಾದುವು ಈ ಮೂಲದವೇ. ಮೇಜು ಅಲಮಾರುಗಳು ಬಂದ ದಾರಿಯಲ್ಲಿಯೇ ಇಸ್ತ್ರಿಯೂ ಬಂದಿತೆಂಬುದು ಒಪ್ಪತಕ್ಕ ಮಾತು: ಒಂದರ ಮೇಲೆ ಬಟ್ಟೆಯನ್ನು ಹರವಬೇಕು, ಇನ್ನೊಂದರೊಳಗೆ ಇಡಬೇಕು.

ಸಂಸ್ಕೃತದ 'ಸ್ತೃ' ಧಾತುವಿಗೆ ಹರಡುವುದೆಂಬ ಅರ್ಥವಿರುವುದರಿಂದ ಇಸ್ತ್ರಿಯನ್ನು ಅಲ್ಲಿಂದ ತರಬಹುದೆಂದು ಕೆಲವರಿಗೆ ತೋರೀತು. ಆದರೆ ಕೆಂಡದ ಪೆಟ್ಟಿಗೆಯೇ ನಮಗೆ ಹೊಸದಾಗಿರುವಾಗ ಹೆಸರು ಮಾತ್ರ ಹಳೆಯದಾಗಿರುವುದು ಸಂಭವಿಸಲಾರದು. ಇನ್ನೊಂದು ವಿನೋದವನ್ನು ಇಲ್ಲಿ ಹೇಳಬೇಕು. ಒತ್ತಕ್ಷರದ ಮೊದಲಿಗೆ ಇಕಾರವನ್ನು ಸೇರಿಸುವುದು ನಮ್ಮ ಜನದ ಉಚ್ಚಾರಣೆಯ ಧರ್ಮ, ಸ್ಕೂಲು ಇಸ್ಕೂಲಾಗುವುದು. ಇದನ್ನು ತಿದ್ದಬೇಕೆಂಬ ಆತುರದಲ್ಲಿ ಕೆಲವರು ಇಸ್ತ್ರಿಯ ಇಕಾರವನ್ನೂ ಅಪಶಬ್ದವೆಂದು ಭಾವಿಸಿ ಅದನ್ನು ಕಳೆದು, ಬಟ್ಟೆಗೆ 'ಸ್ತ್ರೀ' ಮಾಡಿಕೊಡಲಾಗುವುದೆಂದು ಹಲಗೆಯ ಮೇಲೆ ಬರೆಯಿಸಿದ್ದುಂಟು! ಶುದ್ಧಿಯನ್ನು ಅತಿಯಾಗಿ ಬಯಸಿದರೆ ಶಬ್ದಕ್ಕೂ ಅಪಾಯವು ತಪ್ಪದು.

ಇಸ್ತ್ರಿಪೆಟ್ಟಿಗೆಯ ಮುಂದಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ವಿದ್ಯುತ್ತಿನಿಂದ ಕಾಯುವ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲಿ ಸನ್ನದು ಪಡೆದನು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಆದರೂ ಊರೂರುಗಳಲ್ಲಿ ಕೆಂಡದ ಪೆಟ್ಟಿಗೆಯ ಆಳ್ವಿಕೆಯು ಬಹುಕಾಲ ನಡೆಯಿತು.

೫. ಕಂಡದ್ದು, ಕಾಣದೆ ಹೋದದ್ದು

1950ರ ದಶಕದ ಕೊನೆಯಲ್ಲಿ, ನನ್ನ ಬಾಲ್ಯದಲ್ಲಿ, ಹಳೆಯ ಮೈಸೂರು ಸೀಮೆಯ ನಮ್ಮ ಊರಿನಲ್ಲಿ ಇಸ್ತ್ರಿಪೆಟ್ಟಿಗೆಯಿದ್ದದ್ದು ಅಗಸರ ಮನೆಯಲ್ಲಿ ಮಾತ್ರ. ಹಿತ್ತಾಳೆಯದು, ಮರದ ಹಿಡಿ, ಪಕ್ಕಗಳಲ್ಲಿ ಗಾಳಿಯಾಡುವ ಕಂಡಿಗಳು. ತೆಂಗಿನ ಕರಟದ ಇದ್ದಿಲನ್ನು ತುಂಬಿ ಬೀಸಣಿಗೆಯಿಂದ ಬೀಸಿದರೆ ಕಂಡಿಗಳೊಳಗೆ ಕೆಂಪು ಮೂಡುತ್ತಿತ್ತು. ಅಗಸಗಿತ್ತಿಯು ಬೆರಳನ್ನು ನೀರಿನಲ್ಲಿ ಅದ್ದಿ ತಳಕ್ಕೆ ಚಿಮುಕಿಸಿ ಸದ್ದಿನಿಂದ ಹದವನ್ನು ತಿಳಿಯುವಳು. ಹಸಿಯ ಬಾಳೆಯೆಲೆಯ ಮೇಲೆ ಒಮ್ಮೆ ಎಳೆದು ತಳವನ್ನು ನುಣುಪುಮಾಡುವಳು. ಆಮೇಲೆ ಬಟ್ಟೆಗೆ ನೀರನ್ನು ಚಿಮುಕಿಸಿ ಸುತ್ತಿಡುವಳು. ಪೆಟ್ಟಿಗೆ ಇಳಿದೊಡನೆ ಏಳುವ ಹಬೆಯಲ್ಲಿ ಗಂಜಿ, ಬಿಸಿಲು, ಕೆಂಡ ಮೂರರ ವಾಸನೆಯೂ ಕೂಡಿರುತ್ತಿತ್ತು. ಹಿಂದಿನ ಕ್ಷಣದಲ್ಲಿ ಮುದುರಿ ಬಿದ್ದಿದ್ದ ಅಂಗಿಯು ಅವಳ ಕೈಕೆಳಗೆ ಮೊದಲು ಕೊರಳು, ಆಮೇಲೆ ತೋಳು, ಆಮೇಲೆ ಬೆನ್ನು ಎಂಬ ಕ್ರಮದಲ್ಲಿ ಮನುಷ್ಯಾಕಾರವನ್ನು ತಾಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಆ ಬಟ್ಟೆಯನ್ನು ಬಣ್ಣಿಸುವುದಕ್ಕೆ ಕನ್ನಡದಲ್ಲಿ 'ಗರಿಗರಿ' ಎಂಬ ಒಂದೇ ಮಾತು ಸಾಕು. ದೋಸೆಗೂ ಅದೇ ಮಾತು, ಅಂಗಿಗೂ ಅದೇ ಮಾತು. ಬೆಚ್ಚಗಿರುವಾಗಲೇ ಅದನ್ನು ತೊಟ್ಟುಕೊಂಡರೆ ಚಳಿಗಾಲದ ಬೆಳಗಿನಲ್ಲಿ ಆಗುವ ಸುಖವು ಎಲ್ಲರ ಅನುಭವಕ್ಕೂ ಬಂದಿರುವುದೆಂದು ನಾನು ಆಗ ಭಾವಿಸಿದ್ದೆನು.

ಈ ಸುಖದ ಕಾರಣವನ್ನು ಇಂದಿನ ರಸಾಯನಶಾಸ್ತ್ರವು ವಿವರಿಸುತ್ತದೆ. ಹತ್ತಿಯ ನೂಲು ಸೆಲ್ಯುಲೋಸೆಂಬ ದ್ರವ್ಯದ ಉದ್ದವಾದ ಸರಪಣಿಗಳಿಂದ ಆದದ್ದು. ಈ ಸರಪಣಿಗಳು ಒಂದನ್ನೊಂದು ಸಣ್ಣ ಬಂಧಗಳಿಂದ ಹಿಡಿದುಕೊಂಡಿವೆ. ಬಟ್ಟೆಯು ನೆನೆದು ಮುದುರಿ ಒಣಗಿದಾಗ ಆ ಬಂಧಗಳು ಮುದುರಿದ ರೂಪದಲ್ಲಿಯೇ ನೆಲೆಗೊಳ್ಳುವುವು. ಚಿಮುಕಿಸಿದ ನೀರೂ ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಶಾಖವೂ ಅವನ್ನು ಬಿಡಿಸುವುವು. ಪೆಟ್ಟಿಗೆಯ ಭಾರವು ಸರಪಣಿಗಳನ್ನು ನೆಟ್ಟಗೆ ಮಲಗಿಸುವುದು. ನೀರು ಆರಿದೊಡನೆ ಹೊಸ ರೂಪದಲ್ಲಿ ಬಂಧವು ಮತ್ತೆ ಕೂಡುವುದು. ಅಗಸಗಿತ್ತಿಯು ಬೆರಳಿನಿಂದ ಬಲ್ಲದ್ದೂ ಇದೇ.

ನನ್ನ ತರಗತಿಯಲ್ಲಿ ಊರ ಹೊರಗಿನ ಕೇರಿಯ ಹುಡುಗನೊಬ್ಬನಿದ್ದನು. ಅವನಿಗೆ ಇದ್ದದ್ದು ಒಂದೇ ಬಿಳಿಯ ಅಂಗಿ. ಸೋಮವಾರದ ದಿನ ಅದು ನಮ್ಮೆಲ್ಲರ ಅಂಗಿಗಳಿಗಿಂತ ನೆಟ್ಟಗಿರುತ್ತಿತ್ತು. ಆದರೆ ಬೆನ್ನಿನ ಮೇಲೆ ಒಂದೆರಡು ಕಡೆ ಕಂದಿದ ದುಂಡನೆಯ ಗುರುತುಗಳಿದ್ದವು. ಅವನ ತಾಯಿಯು ಹಿತ್ತಾಳೆಯ ತಂಬಿಗೆಯಲ್ಲಿ ಒಲೆಯ ಕೆಂಡವನ್ನು ತುಂಬಿ, ಕಂಠವನ್ನು ಬಟ್ಟೆಯಿಂದ ಹಿಡಿದು, ಅಂಗಿಯ ಮೇಲೆ ಉಜ್ಜುತ್ತಿದ್ದಳೆಂದು ಅವನೇ ಹೇಳಿದನು. ತಂಬಿಗೆಯ ತಳವು ದುಂಡು; ಆದ್ದರಿಂದ ಗುರುತೂ ದುಂಡು. ಇದು ಬಡತನದ ಉಪಾಯವೆಂದು ನಾನು ತಿಳಿದೆನು; ಅಗಸನಿಗೆ ಕೊಡಲು ಕಾಸಿಲ್ಲವಾಗಿರಬೇಕೆಂದು ಮನೆಯಲ್ಲಿ ಹೇಳಿದೆನು. ದೊಡ್ಡವರು ಏನನ್ನೂ ಹೇಳಲಿಲ್ಲ. ಕಾಸಿದ್ದರೂ ಅಗಸನು ಆ ಕೇರಿಯ ಬಟ್ಟೆಯನ್ನು ಮುಟ್ಟುವಂತಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಇದರಲ್ಲಿ ಅಗಸನ ಅಪರಾಧವೆಷ್ಟು ಎಂಬುದನ್ನು ವಿಚಾರಿಸಬೇಕು. ಅವನು ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನು. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅಳೆದುಕೊಡುವ ಕಾಳೇ ಅವನ ವರ್ಷದ ಅನ್ನ. ಊರು ಕೂಡದೆಂದವರ ಬಟ್ಟೆಯನ್ನು ಒಗೆದರೆ ಆಯವು ನಿಲ್ಲುವುದು. ಚೋಳರ ತಮಿಳು ಶಾಸನಗಳ ತೆರಿಗೆಗಳಲ್ಲಿ 'ವಣ್ಣಾರಪ್ಪಾಱೈ' ಎಂದು ಅಗಸನ ಬಂಡೆಯ ಹೆಸರಿನದೇ ಒಂದುಂಟು. ಒಗೆಯುವ ಕಲ್ಲೂ ಅವನಿಗೆ ಸ್ವಂತವಾಗಿರಲಿಲ್ಲ. ಮಾಚಯ್ಯನು ಭವಿಗಳ ಬಟ್ಟೆಯನ್ನು ಒಗೆಯಲಾರೆನೆಂದದ್ದು ಅವನ ಸ್ವಾತಂತ್ರ್ಯ. ನಮ್ಮೂರಿನ ಅಗಸನು ಹೊರಕೇರಿಯ ಬಟ್ಟೆಯನ್ನು ಒಲ್ಲೆನೆಂದದ್ದು ಅವನ ಪರಾಧೀನತೆ. ಒಂದೇ ನಿರಾಕರಣೆ, ಎರಡು ಅರ್ಥ. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ರದ್ದುಮಾಡಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಈ ಕಾರಣಕ್ಕಾಗಿ ಸೇವೆಯನ್ನು ನಿರಾಕರಿಸುವುದನ್ನು ದಂಡನೀಯವೆಂದು ವಿಧಿಸಿತು. ನಾನು ಹೇಳಿದ ತಂಬಿಗೆಯ ಅಂಗಿಯು ಆ ಕಾನೂನು ಬಂದ ಮೇಲಿನದು.

ಹಾಗಾದರೆ ಆ ತಾಯಿಯು ಮಾಡುತ್ತಿದ್ದುದೇನು? ಮಡಿಯ ಎರಡು ಬಗೆಗಳೂ ಅವಳಿಗೆ ಮುಚ್ಚಿದ್ದವು. ಮುಟ್ಟದ ಮಡಿಯು ಅವಳನ್ನು ಹೊರಗಿಟ್ಟಿತ್ತು. ಮಡಿವಾಳನ ಮಡಿಯು ಅವಳ ಬಾಗಿಲಿಗೆ ಬರುವಂತಿರಲಿಲ್ಲ. ಇಸ್ತ್ರಿಯೊಂದು ಉಳಿದಿತ್ತು. ಅದು ಹುಟ್ಟನ್ನು ಕೇಳುವುದಿಲ್ಲ. ಕೆಂಡ, ನೀರು, ತಾಳ್ಮೆ ಮೂರಿದ್ದರೆ ಸಾಕು. ಪೆಟ್ಟಿಗೆಯೂ ಬೇಕಿಲ್ಲ, ತಂಬಿಗೆಯಾದರೂ ಆದೀತು. ಪರಕೀಯವಾದ ಈ ಮಾತಿನ ಜೊತೆಗೆ, ಯಾರಾದರೂ ತಮ್ಮ ಕೈಯಿಂದಲೇ ಮಾಡಿಕೊಳ್ಳಬಹುದಾದ ಒಂದು ಮರ್ಯಾದೆಯೂ ನಾಡಿಗೆ ಬಂದಿತೆಂಬುದನ್ನು ನಾವು ಚರಿತ್ರೆಯಲ್ಲಿ ಬರೆದುಕೊಳ್ಳಬೇಕು.

೬. ಉಪಸಂಹಾರ

ಇಂದು ಇಸ್ತ್ರಿಯು ಮನೆಮನೆಯ ಕೆಲಸ. ಬೆಂಗಳೂರಿನ ಬೀದಿಗಳಲ್ಲಿ ಮರದ ನೆರಳಿನ ತಳ್ಳುಗಾಡಿಗಳ ಮೇಲೆ ಇನ್ನೂ ಇದ್ದಿಲಿನ ಪೆಟ್ಟಿಗೆಗಳನ್ನು ಕಾಣಬಹುದು. ಕೆಲವು ಕಡೆ ಅನಿಲದಿಂದ ಕಾಯುವ ಪೆಟ್ಟಿಗೆಗಳು ಬಂದಿವೆ. ತಮಿಳುನಾಡಿನ ವಿದ್ಯಾರ್ಥಿನಿಯೊಬ್ಬಳು ಕಲ್ಪಿಸಿದ ಸೂರ್ಯಶಕ್ತಿಯ ಇಸ್ತ್ರಿಗಾಡಿಯು 2021ರಲ್ಲಿ ಲೋಕದ ಗಮನವನ್ನು ಸೆಳೆಯಿತು. ಇದ್ದಿಲಿನ ಹೊಗೆಯನ್ನು ದಿನವೂ ಉಸಿರಾಡುವವರಿಗೆ ಇದರಿಂದ ಆಗುವ ಉಪಕಾರವು ದೊಡ್ಡದು. ಹಳೆಯ ವಾಸನೆಯ ನೆನಪಿಗಾಗಿ ಅವರ ಉಸಿರನ್ನು ಕೇಳುವ ಹಕ್ಕು ನಮಗಿಲ್ಲ.

ಆದರೆ ಕೆಂಡದೊಡನೆ ಕೆಲವು ಮಾತುಗಳೂ ಆರಿಹೋಗುವುವು. ನಡೆಮಡಿ, ಮೇಲ್ಕಟ್ಟು, ಗೇರಿನ ಗುರುತು, ಗಂಜಿಯ ಹದ, ನಿರಿಗೆಯ ಬಗೆ, ಒಗೆಯುವ ಕಲ್ಲುಗಳ ಹೆಸರು ಇವೆಲ್ಲವೂ ಮಡಿವಾಳರ ಮನೆಗಳಲ್ಲಿ ಇನ್ನೂ ಉಳಿದಿರುವ ಶಬ್ದಸಂಪತ್ತು. ಗ್ರಾಮಾಂತರಗಳಲ್ಲಿರುವ ಉಪಾಧ್ಯಾಯರು ತಮ್ಮ ತಮ್ಮ ಊರುಗಳಲ್ಲಿ ಇದನ್ನು ಕೇಳಿ ಬರೆದಿಟ್ಟರೆ ಕನ್ನಡ ನಿಘಂಟಿಗೂ ಕನ್ನಡಿಗರ ಚರಿತ್ರೆಗೂ ಉಪಯೋಗವಾಗುವುದು. ಕೇಳುವಾಗ ಮಡಿವಾಳರನ್ನು ಮಾತ್ರ ಕೇಳಿದರೆ ಸಾಲದು. ಅವರ ಕಲ್ಲಿನ ಬಳಿಗೆ ಬಟ್ಟೆಯನ್ನು ಕಳುಹಿಸಲಾಗದಿದ್ದವರನ್ನೂ ಕೇಳಬೇಕು. ಆ ತಂಬಿಗೆಯ ಇಸ್ತ್ರಿಗೆ ಹೊರಕೇರಿಯಲ್ಲಿ ಏನೆಂದು ಹೆಸರಿತ್ತೆಂಬುದನ್ನು ನಾನು ನನ್ನ ಸ್ನೇಹಿತನನ್ನು ಕೇಳಲಿಲ್ಲ. ಕೇಳಬಹುದಾದಷ್ಟು ಹತ್ತಿರ, ಒಂದೇ ಮಣೆಯ ಮೇಲೆ, ಮೂರು ವರ್ಷ ಕುಳಿತಿದ್ದೆವು.